ಆಪ್ಷನ್‌ಗೆ ಬಿಟ್ಟ ಪಾಠ

ನಮ್ಮ ಮನೆಗೆ ಗಣಿತ ಬರುವುದಕ್ಕಿಂತ ಮೊದಲೇ ಗ್ರಾಫ್ ಹಾಳೆ ಬಂದಿತ್ತು. ಅಪ್ಪ ಬನಹಟ್ಟಿಯ ಮಗ್ಗದವರಿಗೆ ಸೀರೆಯ ಅಂಚಿನ ದಡಿ, ಸೆರಗಿನ ಡಿಸೈನ್ ಬರೆದುಕೊಡುತ್ತಿದ್ದ. ಮಾವಿನಕಾಯಿ, ನವಿಲು, ಬಳ್ಳಿ ಏನೇ ಇರಲಿ, ಮೊದಲು ಗ್ರಾಫ್ ಹಾಳೆಯ ಮೇಲೆ ಸಣ್ಣ ಸಣ್ಣ ಚೌಕ ತುಂಬಿ ಬರೆಯಬೇಕು. ಅದನ್ನು ನೋಡಿಕೊಂಡು ಇನ್ನೊಬ್ಬರು ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡನ್ನು ಮಗ್ಗಕ್ಕೆ ಕಟ್ಟಿದಾಗ ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹಾಗಾಗಿ ಒಂದು ಚೌಕವನ್ನು ಪೂರ್ತಿ ತುಂಬಬೇಕು, ಇಲ್ಲವೇ ಪೂರ್ತಿ ಖಾಲಿ ಬಿಡಬೇಕು. ಶಾಲೆಗೆ ಸೂಟಿ ಇದ್ದಾಗ ಚೌಕ ತುಂಬುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ನವಿಲಿನ ಕುತ್ತಿಗೆ ದುಂಡಗೆ ಕಾಣಲೆಂದು ನಾನು ಎಲ್ಲಾದರೂ ಅರ್ಧ ಚೌಕ ತುಂಬಿದರೆ ಅಪ್ಪ ರಬ್ಬರ್ ಹಿಡಿದುಕೊಂಡು ಬರುತ್ತಿದ್ದ. ಚೌಕಕ್ಕೆ ಅವನು ‘ಮನಿ’ ಅನ್ನುತ್ತಿದ್ದ.

“ಅರ್ಧಾ ಮನಿ ಅಂದ್ರ ಮಗ್ಗಕ್ಕ ತಿಳಿಯೂದಿಲ್ಲವಾ. ತುಂಬು, ಇಲ್ಲಾಂದ್ರ ಬಿಡು.”

ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲ ಬಳುಕೂ ಮೆಟ್ಟಿಲು ಮೆಟ್ಟಿಲಾಗಿಯೇ ಇರುತ್ತಿತ್ತು. ಹತ್ತಿರದಿಂದ ನೋಡಿದರೆ ಬರೀ ಮೆಟ್ಟಿಲು. ನೇಯ್ದ ಸೀರೆಯನ್ನು ಹಗ್ಗದ ಮೇಲೆ ಹಾಕಿ ಬಾಗಿಲ ಹತ್ತಿರ ನಿಂತು ನೋಡಿದರೆ ನವಿಲಿನ ಕುತ್ತಿಗೆ ದುಂಡಗೇ ಇರುತ್ತಿತ್ತು. ಇದರಲ್ಲಿ ವಿಚಾರ ಮಾಡುವಂಥದ್ದು ಏನಾದರೂ ಇದೆ ಎಂದು ನನಗೆ ಆಗ ಅನ್ನಿಸಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ಗಣಿತದ ಸರ್ ಎಕ್ಸ್ ಸ್ಕ್ವೇರ್‌ನ ಗ್ರಾಫ್ ತೆಗೆಯಲು ಹೇಳಿದರು. ಬೆಲೆಗಳ ಕೋಷ್ಟಕ ಮಾಡಿದೆ, ಚುಕ್ಕೆ ಇಟ್ಟೆ, ಆಮೇಲೆ ನನ್ನ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಚುಕ್ಕೆಯಿಂದ ಚುಕ್ಕೆಗೆ ಚೌಕ ತುಂಬುತ್ತ ಮೆಟ್ಟಿಲು ಹತ್ತಿಸಿಬಿಟ್ಟೆ. ನಮ್ಮ ಬೆಂಚಿನ ಹುಡುಗಿಯರೆಲ್ಲ ನೇಕಾರರ ಮಕ್ಕಳೇ. ಎಲ್ಲರೂ ಹಾಗೆಯೇ ಮಾಡಿದ್ದರು. ಸರ್ ನನ್ನ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು.

“ಏನಬೇ ಇದು! ಗ್ರಾಫ್ ತಗೀರಿ ಅಂದ್ರ ಸೀರಿ ದಡಿ ತಗದೀರಲ್ಲ!”

ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಚುಕ್ಕೆಗಳನ್ನು ಕೈ ಎತ್ತದೆ ಸೇರಿಸಬೇಕು, ಎಲ್ಲಿಯೂ ಮೂಲೆ ಕಾಣಬಾರದು ಎಂದು ಅವರು ತಿದ್ದಿಕೊಟ್ಟರು. ಮೂಲೆ ಯಾಕೆ ಕಾಣಬಾರದು ಎಂದು ಕೇಳಿದೆ. “ಮೂಲಿ ಬಂದ್ರ ಮಾರ್ಕ್ಸ್ ಹೋಗ್ತಾವ, ಅದಕ್ಕ” ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಸರ್ ಕೆಟ್ಟವರಲ್ಲ. ರವಿವಾರ ಕೂಡ ಶಾಲೆಗೆ ಬಂದು ಕಲಿಸುತ್ತಿದ್ದರು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಪ್ರಮೇಯಗಳನ್ನು ನಮ್ಮ ಬಾಯಲ್ಲಿ ಎಷ್ಟು ಸಲ ಆಡಿಸಿದ್ದರೆಂದರೆ, ಪಾತ್ರೆ ತಿಕ್ಕುವಾಗ ನಾನು ಪೈಥಾಗೊರಸನ ಪ್ರಮೇಯ ಹೇಳುವುದನ್ನು ಕೇಳಿ ಕೇಳಿ ಅವ್ವನಿಗೂ ಅರ್ಧ ಬಾಯಿಪಾಠವಾಗಿತ್ತು. ಅವರ ನಿಜವಾದ ವಿದ್ಯೆ ಬೇರೆಯದು. ಯಾವ ಪಾಠಕ್ಕೆ ಎಷ್ಟು ಮಾರ್ಕ್ಸು, ಎಲ್ಲಿ ‘ಅಥವಾ’ ಬರುತ್ತದೆ, ಯಾವುದನ್ನು ಬಿಟ್ಟರೆ ನಡೆಯುತ್ತದೆ ಎನ್ನುವುದು ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಪಾಠದ ಹೆಸರಿನ ಮುಂದೆ ಸೀಸದಕಡ್ಡಿಯಿಂದ ಅಡ್ಡಗೆರೆ ಎಳೆಸಿ ‘ಆಪ್ಷನ್‌ಗೆ ಬಿಡ್ರಿ’ ಅನ್ನುತ್ತಿದ್ದರು. ನಾವು ಖುಷಿಯಿಂದ ಬಿಡುತ್ತಿದ್ದೆವು. ಬಿಟ್ಟ ಪಾಠ ಹೋಗಿ ಎಲ್ಲಿ ಕೂತಿರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ತ್ರಿಕೋನಮಿತಿಯಂತೂ ನಮ್ಮ ಶಾಲೆಯಲ್ಲಿ ಮಾತಿಗೂ ಬರಲಿಲ್ಲ.

ಪರೀಕ್ಷೆಯಲ್ಲಿ ಗಣಿತಕ್ಕೆ ಶಾಲೆಗೇ ಮೊದಲು ಬಂದೆ. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ನಾನು ಆ ಉಮೇದಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ: ಸೈನ್ಸ್ ತಗೊಳ್ಳುತ್ತೇನೆ, ಗಣಿತದಲ್ಲಿ ಬಿ.ಎಸ್ಸಿ. ಮಾಡುತ್ತೇನೆ, ಗಣಿತದ ಟೀಚರ್ ಆಗುತ್ತೇನೆ. ಇದೊಂದು ಆಸೆ ಬಿಟ್ಟರೆ ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಒಂದೇ ಇದ್ದದ್ದರಿಂದ ಅದು ಬಹಳ ಗಟ್ಟಿಯಾಗಿತ್ತು.

ಪಿ.ಯು.ಸಿ.ಗೆ ಸೇರಿ ಜಮಖಂಡಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳ ಹಂಗಾಮಿನಲ್ಲಿ ಬಸ್ಸು ತಡವಾಗುತ್ತಿತ್ತು. ಮೊದಲ ತಾಸೇ ಗಣಿತ. ಲೆಕ್ಚರರ್ ಸಾವಳಗಿ ಕಡೆಯವರು, ಬೀರೇಶ್ವರನ ಒಕ್ಕಲು, ಹಣೆಗೆ ಅರಿಸಿನದ ಭಂಡಾರ ಇಲ್ಲದೆ ಒಂದು ದಿನವೂ ಕ್ಲಾಸಿಗೆ ಬಂದವರಲ್ಲ. ಅವರು ನಮ್ಮನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದರು. ನಾನು ‘ಬನಹಟ್ಟಿ’. ನನ್ನ ಪಕ್ಕ ಕೂರುವವಳು ‘ಬೀಳಗಿ’. ಬೀಳಗಿ ತಾಲೂಕಿನ ಅವಳ ಹಳ್ಳಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಶಾಲೆ ಹೊಸ ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿಗೆ ಬಂದಿತ್ತು. ಹತ್ತನೆಯ ತರಗತಿಯ ವರ್ಷವಿಡೀ ಗಣಿತಕ್ಕೆ ಸರ್ ಇರಲಿಲ್ಲವಂತೆ. “ನಿಮಗ ಅರ್ಧಾ ಬಿಡಸಿದ್ರು, ನಮಗ ಪೂರಾನ ಬಿಡಸಿದ್ರು” ಎಂದು ನಗುತ್ತಿದ್ದಳು. ಜಮಖಂಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಯಾವುದಕ್ಕೂ ಮುಖ ಸಣ್ಣ ಮಾಡದ ಹುಡುಗಿ, ಅವಳ ಪಕ್ಕ ಕೂತರೆ ನನ್ನ ಸಿಟ್ಟೂ ಇಳಿಯುತ್ತಿತ್ತು.

ಸಿಟ್ಟು ಬರುವ ಸಂಗತಿಗಳು ಬಹಳ ಇದ್ದವು. ಸರ್ ಬೋರ್ಡಿನ ಮೇಲೆ ಸೈನ್, ಕಾಸ್ ಬರೆದು, “ಇವೆಲ್ಲಾ ಹೈಸ್ಕೂಲಿನ್ಯಾಗ ಆಗ್ಯಾವಲ್ರೀ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಿದ್ದರು. ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದ ಮುಂದಿನ ಬೆಂಚಿನವರು ಹೂಂ ಅನ್ನುತ್ತಿದ್ದರು. ನಾವು ಕನ್ನಡ ಶಾಲೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಒಂದೇ ಮಾತು: ಪಾಪ, ಇಂಗ್ಲಿಷ್ ತ್ರಾಸು ಕೊಡುತ್ತದೆ. ಈ ಮಾತು ಕೇಳಿದರೆ ನನಗೆ ಈಗಲೂ ರೇಗುತ್ತದೆ. ಇಂಗ್ಲಿಷಿನದೇನು ದೊಡ್ಡ ವಿಷಯ? ವರ್ಗ ಸಮೀಕರಣಕ್ಕೆ ಕ್ವಾಡ್ರಾಟಿಕ್ ಇಕ್ವೇಶನ್ ಅಂತಾರೆ ಎಂದು ಒಂದು ಸಲ ತಿಳಿದರೆ ಮುಗಿಯಿತು, ದಸರೆಯ ಹೊತ್ತಿಗೆ ನಮಗೆಲ್ಲ ಹೆಸರುಗಳು ಬಂದಿದ್ದವು. ಬಾರದೆ ಇದ್ದದ್ದು ಬೇರೆ. ಹೈಸ್ಕೂಲಿನಲ್ಲಿ ಲೆಕ್ಕ ಎಂದರೆ ಉತ್ತರ ಬಂದು ನಿಲ್ಲುವ ವಸ್ತು. ಒಂದು ಬೆಲೆ ಬದಲಾದ ಹಾಗೆ ಇನ್ನೊಂದು ಹೇಗೆ ಬದಲಾಗುತ್ತದೆ, ಆ ಗೆರೆ ಯಾಕೆ ಮೊದಲು ಮೆಲ್ಲಗೆ ಆಮೇಲೆ ಜೋರಾಗಿ ಏರುತ್ತದೆ ಎಂದು ನಮ್ಮನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಕ್ಯಾಲ್ಕುಲಸ್ ಮೊದಲ ದಿನದಿಂದ ಅದನ್ನೇ ಕೇಳುತ್ತದೆ.

ಲಿಮಿಟ್ ಬಂದ ದಿನ ಚೆನ್ನಾಗಿ ನೆನಪಿದೆ. “ಸಮೀಪ ಹೋಗತೈತಿ, ಹೋಗತೈತಿ, ಆದ್ರ ಮುಟ್ಟಂಗಿಲ್ಲ” ಅಂದರು ಸರ್. ಮುಟ್ಟುವುದಿಲ್ಲ ಅಂದ ಮೇಲೆ ಹೋಗುವುದಾದರೂ ಯಾಕೆ? ನನಗೆ ಇದು ಲೆಕ್ಕವೇ ಅಲ್ಲ ಅನ್ನಿಸಿತು. ಬೀಳಗಿ ನನ್ನ ಕಿವಿಯಲ್ಲಿ, “ನಮ್ಮೂರಿಗೆ ಸಾಲಿ ಕಟ್ಟಿಸಿಕೊಡ್ತೀನಿ ಅಂತ ಹೇಳಿದ ಆಫೀಸರನಂಗ ಐತಿ ಬಿಡು” ಅಂದಳು. ನಗು ತಡೆಯಲಾಗದೆ ಇಬ್ಬರೂ ಹೊರಗೆ ನಿಂತೆವು. ಸೂತ್ರ ಬಾಯಿಪಾಠ ಮಾಡಿ ಮೊದಲ ವರ್ಷ ದಾಟಿದೆವು.

ಎರಡನೆಯ ವರ್ಷ ಬಾಯಿಪಾಠ ಕೈಕೊಟ್ಟಿತು. ದೀಪಾವಳಿ ಸೂಟಿ ಮುಗಿದ ಮೇಲಿನ ಟೆಸ್ಟಿನಲ್ಲಿ ಇಂಟಿಗ್ರೇಶನ್ನಿನ ಒಂದು ಲೆಕ್ಕವೂ ನನಗೆ ಬರಲಿಲ್ಲ, ನಾನು ನಪಾಸು. ಶಾಲೆಗೆ ಮೊದಲು ಬಂದಿದ್ದ ನಾನು! ಬಸ್ಸಿನಲ್ಲಿ ಬನಹಟ್ಟಿ ಬರುವವರೆಗೂ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದೆ, ಅಳು ಬಂದಿತ್ತು, ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು.

ಮರುದಿನ ಸರ್ ಕಡಿಮೆ ಮಾರ್ಕ್ಸಿನವರನ್ನು ಸ್ಟಾಫ್ ರೂಮಿಗೆ ಕರೆದರು. ನಾನು, ಬೀಳಗಿ, ಇನ್ನೂ ಕೆಲವರು ಗೋಡೆಗೆ ಒರಗಿ ನಿಂತೆವು. ಅವರು ಬೈಯಲಿಲ್ಲ. ಮನೆಯ ಹಿರಿಯರು ಹೇಳುವ ಹಾಗೆ ಹೇಳಿದರು.

“ಹೆದರಬ್ಯಾಡ್ರಿ. ಇಂಟಿಗ್ರೇಶನ್ ಆಪ್ಷನ್‌ಗೆ ಬಿಡ್ರಿ. ಮ್ಯಾಟ್ರಿಕ್ಸ್, ವೆಕ್ಟರ್ ಗಟ್ಟಿ ಮಾಡ್ರಿ. ಬರೇ ಪಾಸ್ ಅಲ್ಲ, ಛಲೋ ಮಾರ್ಕ್ಸ್ ಬರ್ತಾವ.”

ಎಲ್ಲರ ಮುಖದಲ್ಲೂ ಜೀವ ಬಂತು. ಬೀಳಗಿ ಅಂತೂ ನನ್ನ ಕೈ ಹಿಚುಕಿದಳು. ನನಗೆ ಮಾತ್ರ ಹತ್ತನೆಯ ತರಗತಿಯ ಅಡ್ಡಗೆರೆಗಳು ಕಣ್ಣ ಮುಂದೆ ಬಂದವು. ಇದನ್ನು ಬಿಟ್ಟರೆ ಪಿ.ಯು.ಸಿ. ದಾಟಬಹುದು, ಬಿ.ಎಸ್ಸಿ. ಗಣಿತ ಶುರುವಾಗುವುದೇ ಇದರಿಂದ. ಅಂದರೆ ಅಲ್ಲಿ ಮೊದಲ ವಾರವೇ ನನ್ನ ಕಥೆ ಮುಗಿಯುತ್ತದೆ. ನಾನು ಯಾವಾಗ ಬಾಯಿ ತೆರೆದೆನೋ ನನಗೇ ಗೊತ್ತಿಲ್ಲ.

“ಹೈಸ್ಕೂಲಿನ್ಯಾಗ ಅವ್ರು ಬಿಡಸಿದ್ರು. ಇಲ್ಲಿ ನೀವು ಬಿಡಸಾಕತ್ತೀರಿ. ಹಿಂಗ ಬಿಟಗೋತ ಹೋದ್ರ ಕಲಿಯೂದು ಎಲ್ಲೇರಿ ಸರ್?”

ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಬೀಳಗಿ ನನ್ನ ಕೈ ಬಿಟ್ಟಳು. ಸರ್ ಉಳಿದವರಿಗೆ ಹೋಗಲು ಹೇಳಿ, ನನಗೆ “ಕುಂಡ್ರಿ” ಅಂದರು. ಒಂದು ಗ್ರಾಫ್ ಹಾಳೆ ಮುಂದಿಟ್ಟು ಎಕ್ಸ್ ಸ್ಕ್ವೇರ್‌ನ ಗೆರೆ ತೆಗೆಯಲು ಹೇಳಿದರು. ಶಾಲೆಯಲ್ಲಿ ತಿದ್ದಿಸಿಕೊಂಡ ಹಾಗೆ, ಮೂಲೆ ಕಾಣದಂತೆ, ಸೊನ್ನೆಯಿಂದ ಒಂದರವರೆಗೆ ತೆಗೆದೆ.

“ಈ ಗೆರಿ ಕೆಳಗ ಎಷ್ಟು ಜಾಗಾ ಐತಿ?”

“ಸೂತ್ರ ಬರಂಗಿಲ್ರಿ.”

“ಸೂತ್ರ ಯಾರು ಕೇಳಿದ್ರು? ಚೌಕ ಎಣಸ್ರಿ.”

ಎಣಿಸಲು ಹೋದೆ. ಗೆರೆ ಒಂದಿಷ್ಟು ಚೌಕಗಳ ನಡುವೆಯೇ ಹಾದು ಹೋಗಿತ್ತು. ಅವನ್ನು ಏನು ಮಾಡುವುದು? ಅರ್ಧ ಮನಿ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ಬಾಯಿ ತಪ್ಪಿ ಅಂದೆ. ಹಾಗಂದರೇನು ಎಂದು ಸರ್ ಕೇಳಿದರು. ಅಪ್ಪನ ಕೆಲಸ, ರಟ್ಟಿನ ತೂತು, ತುಂಬುವುದು, ಬಿಡುವುದು ಎಲ್ಲ ಹೇಳಿದೆ. ಅವರು ಕುರ್ಚಿ ಮುಂದೆ ಎಳೆದುಕೊಂಡರು.

“ಹಂಗಾದ್ರ ನಿಮ್ಮಪ್ಪ ಹೆಂಗ ತುಂಬ್ತಿದ್ರು, ಹಂಗ ತುಂಬ್ರಿ.”

ಗೆರೆಯ ಕೆಳಗೆ ಪೂರ್ತಿ ಇದ್ದ ಚೌಕಗಳನ್ನಷ್ಟೇ ತುಂಬಿದೆ. ಶಾಲೆಯಲ್ಲಿ ನಗೆಪಾಟಲಾದ ಅದೇ ದಡಿ ಹಾಳೆಯ ಮೇಲೆ ಬಂತು. ಮೆಟ್ಟಿಲಿಗೂ ಗೆರೆಗೂ ನಡುವೆ ಬಹಳ ಜಾಗ ಖಾಲಿ ಉಳಿಯಿತು. ಆ ದೊಡ್ಡ ಚೌಕದ ಹಾಳೆಯಲ್ಲಿ, ಅಡ್ಡ ಒಂದು ಉದ್ದ ಒಂದು ಇದ್ದ ಇಡೀ ಜಾಗದಲ್ಲಿ ನಾನು ತುಂಬಿದ್ದು ಸುಮಾರು ಕಾಲು ಭಾಗ. ಸರ್ ಗಡಿಯಾರ ನೋಡಿ, “ನಿಮ್ಮ ಮನ್ಯಾಗ ಇದಕ್ಕಿಂತ ಸಣ್ಣ ಮನಿ ಹಾಳಿ ಇದ್ರ ನಾಳೆ ತರ್ರಿ” ಎಂದು ಕ್ಲಾಸಿಗೆ ಹೋದರು.

ಅಪ್ಪನ ಹತ್ತಿರ ಇತ್ತು. ದಪ್ಪ ನೂಲಿನ ಸೀರೆಗೆ ದೊಡ್ಡ ಚೌಕ, ನಯವಾದ ನೂಲಿಗೆ ಸಣ್ಣ ಚೌಕ. ಯಾಕೆ ಬೇಕು ಎಂದು ಕೇಳಿದ. ಕಾಲೇಜಿನಲ್ಲಿ ದಡಿ ತುಂಬಲು ಹೇಳಿದ್ದಾರೆ ಅಂದೆ. “ಅದನ್ನ ಕಲಿಯಾಕ ಜಮಖಂಡಿಗೆ ಯಾಕ ಹೋಗಬೇಕಿತ್ತು?” ಅಂದ. ಆದರೂ ಹೊಸ ಹಾಳೆಯನ್ನೇ ಸುರುಳಿ ಸುತ್ತಿ ಕೊಟ್ಟ.

ಮರುದಿನ ಅದೇ ಗೆರೆಯನ್ನು ಸಣ್ಣ ಚೌಕದ ಹಾಳೆಯ ಮೇಲೆ ತೆಗೆದು ತುಂಬಿದೆ. ಖಾಲಿ ಜಾಗ ಕಡಿಮೆಯಾಯಿತು. ತುಂಬಿದ್ದು ಮೂರರಲ್ಲಿ ಒಂದು ಪಾಲಿಗೆ ಸ್ವಲ್ಪವೇ ಕಡಿಮೆ. “ಇದಕ್ಕೂ ಸಣ್ಣ ಮನಿ ಸಿಕ್ಕರ?” ಅಂದರು ಸರ್. ಇನ್ನೂ ಹತ್ತಿರ ಹೋಗುತ್ತದೆ ಅಂದೆ. “ಅದಕ್ಕೂ ಸಣ್ಣದು?” ಇನ್ನೂ ಹತ್ತಿರ. “ಗೆರಿ ಮುಟ್ಟತೈತೇನು?” ಇಲ್ಲ, ಎಷ್ಟು ಸಣ್ಣದಾದರೂ ಅದು ಮೆಟ್ಟಿಲೇ. ಆದರೆ ಯಾವ ಖಾಲಿ ಜಾಗ ತೋರಿಸಿ ಇದು ಉಳಿಯಿತು ಅಂದರೂ, ಅದರೊಳಗೆ ಹಿಡಿಸುವಷ್ಟು ಸಣ್ಣ ಮನಿ ನಾನು ತರಬಲ್ಲೆ. ಹೇಳುತ್ತ ಹೇಳುತ್ತ ಲಿಮಿಟ್ ದಿನದ ಸರ್ ಮಾತು ನೆನಪಾಯಿತು. ಸಮೀಪ ಹೋಗತೈತಿ, ಮುಟ್ಟಂಗಿಲ್ಲ. ಮೂರರಲ್ಲಿ ಒಂದು ಪಾಲು ಎನ್ನುವ ಪುಸ್ತಕದ ಉತ್ತರ ಬರೀ ಸೂತ್ರವಲ್ಲ, ನನ್ನ ಚೌಕಗಳೆಲ್ಲ ಅದರ ಕಡೆಗೇ ಹೋಗುತ್ತಿದ್ದವು. ಅಷ್ಟು ಖುಷಿ ನನಗೆ ಶಾಲೆಗೆ ಮೊದಲು ಬಂದಾಗಲೂ ಆಗಿರಲಿಲ್ಲ.

“ಇದ ನೋಡ್ರಿ ಬನಹಟ್ಟಿ, ಲಿಮಿಟ್” ಎಂದು ಸರ್ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು: “ಬಿಡ್ರಿ ಅಂತ ನಿಮಗ ಹೇಳೂದಿಲ್ಲ. ಆದ್ರ ಕಷ್ಟ ಐತಿ. ಬಿಟ್ಟವರಿಗಿಂತ ನಿಮಗ ಮಾರ್ಕ್ಸ್ ಕಡಿಮಿನೂ ಬರಬಹುದು. ಆಮ್ಯಾಲ ನನ್ನ ಬೈಬ್ಯಾಡ್ರಿ.”

ಕಷ್ಟವೇ ಆಯಿತು. ತ್ರಿಕೋನಮಿತಿಯನ್ನು ಮೊದಲಿನಿಂದ ಕಲಿಯಬೇಕಾಯಿತು, ಯಾಕೆಂದರೆ ಇಂಟಿಗ್ರೇಶನ್ನಿನ ಅರ್ಧ ಲೆಕ್ಕಗಳು ಅದರ ಬೆನ್ನೇರಿಯೇ ಬರುತ್ತವೆ. ಊಟದ ಬಿಡುವಿನಲ್ಲಿ ಸರ್ ಹೇಳಿಕೊಟ್ಟರು, ಬಸ್ಸಿನಲ್ಲಿ ನಾನು ಬಿಡಿಸಿದೆ. ಬಸ್ಸು ಕುಲುಕಿದಾಗ ಇಂಟಿಗ್ರಲ್ ಚಿಹ್ನೆ ಹಾವಿನ ಹಾಗೆ ಉದ್ದವಾಗುತ್ತಿತ್ತು. ಬೀಳಗಿಯನ್ನೂ ಕರೆದೆ. ಅವಳು ಬರಲಿಲ್ಲ. “ಬಿಡ್ರಿ ಅಂತ ಸರ್ ಅವರ ಹೇಳ್ಯಾರ, ನಾ ಯಾಕ ಹೊತಗೊಳ್ಳಲಿ?” ಅಂದಳು. ಅವಳದೂ ತಪ್ಪಲ್ಲ. ಒಂದು ಶಾಲೆ ಮುಳುಗಿ, ಇನ್ನೊಂದು ಶಾಲೆಯಲ್ಲಿ ಸರ್ ಇಲ್ಲದೆ, ತಾನೇ ಓದಿ ಇಲ್ಲಿಯವರೆಗೆ ಬಂದವಳು ಅವಳು.

ಪರೀಕ್ಷೆಯಲ್ಲಿ ನಾನು ಇಂಟಿಗ್ರೇಶನ್ನನ್ನೇ ಮೊದಲು ಹಿಡಿದೆ. ಬಂತು. ಅದರ ಖುಷಿಯಲ್ಲಿ ಹೊತ್ತು ಹೋದದ್ದು ತಿಳಿಯದೆ ವೆಕ್ಟರಿನ ಒಂದು ಲೆಕ್ಕ ಅರ್ಧಕ್ಕೇ ಉಳಿಯಿತು. ಫಲಿತಾಂಶ ಬಂದಾಗ ಸರ್ ಹೇಳಿದ ಹಾಗೆಯೇ ಆಯಿತು. ನಾನು ಪಾಸು, ಬಿ.ಎಸ್ಸಿ.ಗೆ ಸಾಕಾಗುವಷ್ಟು. ಇಂಟಿಗ್ರೇಶನ್ ಬಿಟ್ಟು ಉಳಿದದ್ದನ್ನು ಗಟ್ಟಿ ಮಾಡಿದ್ದ ಬೀಳಗಿಗೆ ನನಗಿಂತ ಹೆಚ್ಚು. ಅಪ್ಪನಿಗೆ ಇದು ಅರ್ಥವಾಗಲಿಲ್ಲ.

“ಆಕೀಗಿಂತ ನಿನಗ ಯಾಕ ಕಡಿಮಿ ಬಂದಾವ?”

“ಆಕಿ ಬಿಟ್ಟಿದ್ಲಪಾ. ನಾ ಬಿಟ್ಟಿರಲಿಲ್ಲ.”

“ಬಿಟ್ಟವರಿಗೆ ಹೆಚ್ಚು ಕೊಡ್ತಾರ?”

“ಹೂನಪಾ.”

“ಇದ್ಯಾವ ಲೆಕ್ಕಬೇ!” ಎಂದು ತಲೆ ಕೊಡವಿದ. ಆದರೂ ಪೇಡೆ ತಂದ.

ಇಷ್ಟು ವರ್ಷಗಳ ಮೇಲೆ, ಈಚೆಗೆ ಮುಧೋಳದಲ್ಲಿರುವ ತಂಗಿಯ ಮಗಳ ಹೈಸ್ಕೂಲು ಪುಸ್ತಕ ನೋಡಿದೆ. ಹೊಸ ಪುಸ್ತಕ ಚೆನ್ನಾಗಿದೆ. ತ್ರಿಕೋನಮಿತಿ ಇದೆ, ಗ್ರಾಫಿನ ಗೆರೆ ಏನು ಹೇಳುತ್ತದೆ ಎನ್ನುವುದೂ ಇದೆ. ಕೆಲವು ಪಾಠಗಳ ಮುಂದೆ ಸೀಸದಕಡ್ಡಿಯ ಅಡ್ಡಗೆರೆಯೂ ಇದೆ. ಪುಸ್ತಕ ಬದಲಿಸುವುದು ಸುಲಭ, ಬಿಡುವ ಚಟ ಬಿಡಿಸುವುದು ಕಷ್ಟ ಎಂದು ತಂಗಿಗೆ ಹೇಳಿದೆ. ನಿನ್ನ ಭಾಷಣ ಶುರುವಾತಾ ಎಂದು ಅವಳು ಚಹಾಕ್ಕೆ ಇಡಲು ಎದ್ದುಹೋದಳು.

ಫಲಿತಾಂಶ ಬಂದ ಆ ವರ್ಷ, ಬಿ.ಎಸ್ಸಿ.ಯ ಮೊದಲ ಗಣಿತದ ಕ್ಲಾಸಿನ ದಿನ ಜಮಖಂಡಿಯಲ್ಲಿ ಹದವಾದ ಮಳೆ. ಬೀಳಗಿಯೂ ಗಣಿತವನ್ನೇ ತಗೊಂಡಿದ್ದಳು. ಅಷ್ಟು ಮಾರ್ಕ್ಸು ಬಂದ ಮೇಲೆ ಯಾಕೆ ತಗೊಳ್ಳಬಾರದು? ಅತ್ತೆ ಹೊಲಿಸಿಕೊಟ್ಟ ಹೊಸ ಚೂಡಿದಾರ ಹಾಕಿಕೊಂಡು, ಎಂದಿನಂತೆ ನಗುತ್ತ ಬಂದು ನನ್ನ ಪಕ್ಕ ಕೂತಳು. ಹೊಸ ಲೆಕ್ಚರರ್ ಹೆಣ್ಣುಮಗಳು. ಹಾಜರಿ ತಗೊಂಡು ಪುಸ್ತಕ ಮುಚ್ಚಿಟ್ಟು, ಒಂದೇ ಪ್ರಶ್ನೆ ಕೇಳಿದರು.

“ಪಿ.ಯು.ಸಿ.ಯೊಳಗ ಇಂಟಿಗ್ರೇಶನ್ ಆಪ್ಷನ್‌ಗೆ ಬಿಟ್ಟವರು ಕೈ ಎತ್ರಿ. ಖರೆ ಹೇಳ್ರಿ. ಅವರಿಗೆ ಕಾಂಬಿನೇಶನ್ ಬದಲಿ ಮಾಡಾಕ ಈ ವಾರ ಟೈಮ್ ಐತಿ.”

ಮೊದಲು ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ಆಮೇಲೆ ಎಲ್ಲ ಕಡೆ. ಅರ್ಧ ಕ್ಲಾಸು ಕೈ ಎತ್ತಿ ಕೂತಿತ್ತು. ಅವರಲ್ಲಿ ಹಲವರು ನನಗಿಂತ ಹೆಚ್ಚು ಮಾರ್ಕ್ಸಿನವರು. ಯಾರೂ ಕಲಿಯಲಾರದವರಲ್ಲ, ಬಿಡಲು ಹೇಳಿದ್ದನ್ನು ಬಿಟ್ಟವರು ಅಷ್ಟೇ. ನನ್ನ ಕೈ ಡೆಸ್ಕಿನ ಮೇಲೇ ಇತ್ತು. ಅದು ಅಲ್ಲಿದ್ದದ್ದಕ್ಕೆ ಒಳಗೊಳಗೆ ಎಷ್ಟು ಹಿಗ್ಗಿದೆನೋ, ಪಕ್ಕಕ್ಕೆ ತಿರುಗಿ ನೋಡಿದಾಗ ಅಷ್ಟೇ ಸಂಕಟವಾಯಿತು. ಬೀಳಗಿಯ ಕೈ ಮೇಲೇಳುತ್ತಿತ್ತು. ಯಾವುದಕ್ಕೂ ಸಣ್ಣದಾಗದ ಮುಖ ಸಣ್ಣದಾಗಿತ್ತು.

ನಾನು ಅವಳ ಮೊಣಕೈ ಹಿಡಿದು ಕೆಳಗೆ ಎಳೆದೆ.

“ಇಳಸಬೇ ಕೈ. ಊಟದ ಬಿಡುವಿನ್ಯಾಗ ನಾ ಹೇಳಿಕೊಡ್ತೀನಿ.”

“ಖರೆ ಕೇಳ್ಯಾರಲ್ಲ” ಅಂದಳು, ಕಣ್ಣು ತುಂಬಿಕೊಂಡು.

ನನಗೆ ಮತ್ತೆ ಆ ಸ್ಟಾಫ್ ರೂಮಿನ ಸಿಟ್ಟೇ ಬಂತು. ಎದ್ದು ನಿಂತೆ. “ಮೇಡಮ್ಮರೀ, ಇಕಿ ಬಿಟ್ಟಾಳ, ಖರೆ. ಆದ್ರ ಬದಲಿ ಮಾಡಂಗಿಲ್ಲ. ಕಲೀತಾಳ” ಅಂದೆ.

ಮೇಡಮ್ಮು ನನ್ನನ್ನು ನೋಡಿದರು, ಅವಳನ್ನು ನೋಡಿದರು. “ಯಾರು ಕಲಸೂದು?”

“ನಾನ್ರಿ.”

ಹಾಗೆ ನನಗೆ ಮೊದಲ ವಿದ್ಯಾರ್ಥಿನಿ ಸಿಕ್ಕಳು. ಟೀಚರ್ ಆಗಲು ಇನ್ನೂ ವರ್ಷಗಳಿವೆ ಅಂದುಕೊಂಡಿದ್ದೆ, ಅದು ಆ ಮಧ್ಯಾಹ್ನ ಕಾಲೇಜಿನ ವರಾಂಡದಲ್ಲಿ, ಇಬ್ಬರ ನಡುವೆ ಒಂದು ರೊಟ್ಟಿಯ ಡಬ್ಬಿ ಇಟ್ಟುಕೊಂಡು ಶುರುವಾಯಿತು.